ಫಟಫಟಿಯ ಹಿಂದಿನ ಸೀಟು

ಪೆಟ್ರೋಲಿನ ವಾಸನೆ ಹಿತ ಎನ್ನುವವರನ್ನು ನಾನು ನಂಬುವುದಿಲ್ಲ. ಹೋದ ವಾರ ಶಿಕಾರಿಪುರದ ಬಸ್ ಸ್ಟ್ಯಾಂಡಿನಲ್ಲಿ ಸೊರಬದ ಬಸ್ಸಿಗೆ ಕಾಯುತ್ತ ಕೂತಿದ್ದೆ. ಎದುರಿಗೆ ನಾಲ್ಕು ಜನ ಹುಡುಗರು ನಾಲ್ಕು ಮೋಟಾರ್ ಸೈಕಲ್ ನಿಲ್ಲಿಸಿಕೊಂಡು, ಎಲ್ಲಿಗೂ ಹೋಗದೆ, ಸುಮ್ಮನೆ ಕೈ ತಿರುವಿ ತಿರುವಿ ಬುರ್ರೆನ್ನಿಸುತ್ತಿದ್ದರು. ಒಬ್ಬ ಇನ್ನೊಬ್ಬನ ಗಾಡಿಯನ್ನು ಡಬ್ಬ ಎಂದ. ಅವನು ಇವನದನ್ನು ಎಮ್ಮೆ ಎಂದ. ಹೊಗೆಯೆಲ್ಲ ನಮ್ಮ ಮುಖಕ್ಕೆ. ಮಗ್ಗುಲಲ್ಲಿ ಕೂತಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಮುಚ್ಚಿಕೊಳ್ಳಲಿಲ್ಲ. ಆ ವಾಸನೆ ನನಗೆ ಹೊಸದಲ್ಲ, ಆ ಜಂಬವೂ ಹೊಸದಲ್ಲ. ಗಾಡಿ ಬದಲಾಗಿದೆ, ಮೇಲೆ ಕೂತವನ ತಲೆಯೊಳಗೆ ಏನೂ ಬದಲಾದಂತೆ ಕಾಣಲಿಲ್ಲ.

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಶಿಕಾರಿಪುರದ ಹುಡುಗಿಯಾದ ನನಗೆ ಸೊರಬದಲ್ಲಿ ಹೆರಿಗೆ ನರ್ಸಿನ ಕೆಲಸವಾಯಿತು. ವಯಸ್ಸು ಇಪ್ಪತ್ತನಾಲ್ಕು. ಬಿಳಿ ಸೀರೆ, ಕರಿಯ ಚರ್ಮದ ಚೀಲ, ಮನೆಯವರನ್ನು ಬಿಟ್ಟು ಒಂದು ಬಾಡಿಗೆ ಕೋಣೆ. ಸುತ್ತಲ ಹಳ್ಳಿಗಳಲ್ಲಿ ಎಲ್ಲಿ ಹೆರಿಗೆ ಕಷ್ಟವಾದರೂ ನಾನು ಹೋಗಬೇಕು. ಹೋಗಲು ಸರ್ಕಾರ ಕೊಟ್ಟಿದ್ದು ನನ್ನ ಎರಡು ಕಾಲುಗಳನ್ನು. ಉಳವಿಯ ಕಡೆ ದಿನಕ್ಕೊಂದು ಬಸ್ಸು ಓಡುತ್ತಿತ್ತು, ಅದೂ ಅದರ ಮನಸ್ಸು ಬಂದಾಗ. ಬಸವನಿಗೂ ಬಸ್ಸಿಗೂ ಹೇಳುವವರಿಲ್ಲ ಎಂದು ಜನ ನಗುತ್ತಿದ್ದರು. ಉಳಿದ ಊರುಗಳಿಗೆ ನಡೆಯಬೇಕು, ಇಲ್ಲವೇ ಅವರು ಎತ್ತಿನ ಗಾಡಿ ಕಟ್ಟಿಕೊಂಡು ಬರಬೇಕು, ಅದೂ ಇಲ್ಲದಿದ್ದರೆ ಯಾರಾದರೂ ದೊಡ್ಡವರ ಫಟಫಟಿಯ ಹಿಂದೆ ಕೂತು ಹೋಗಬೇಕು.

ಎರಡೂ ತಾಲ್ಲೂಕು ಸೇರಿಸಿದರೂ ಫಟಫಟಿಗಳು ಬೆರಳೆಣಿಕೆಯಷ್ಟಿದ್ದವು. ಮಳೆಗಾಲವಿಡೀ ಅವು ಗೋಣಿಚೀಲ ಹೊದ್ದು ಕೊಟ್ಟಿಗೆಯಲ್ಲಿ ದನಗಳ ಜೊತೆ ಮಲಗಿರುತ್ತಿದ್ದವು. ದೀಪಾವಳಿಯ ಲಕ್ಷ್ಮೀಪೂಜೆಗೆ ಮೈ ಒರೆಸಿಕೊಂಡು, ಹೆಡ್‌ಲೈಟಿಗೆ ಕುಂಕುಮ ಹಚ್ಚಿಸಿಕೊಂಡು, ಚೆಂಡುಹೂವಿನ ಹಾರ ಹಾಕಿಸಿಕೊಂಡು ಹೊರಗೆ ಬರುತ್ತಿದ್ದವು. ಅಲ್ಲಿಂದ ಯುಗಾದಿಯವರೆಗೆ ಅವುಗಳದೇ ರಾಜ್ಯ. ಯಾವ ಕಂಪನಿಯದು ಯಾವ ಗಾಡಿ ಎಂದು ನಾನು ಹೇಳುವುದಿಲ್ಲ. ಹಗಲೂ ಇರುಳೂ ಆ ಹೆಸರುಗಳನ್ನೇ ಜಪಿಸುತ್ತಿದ್ದ ಗಂಡಸರನ್ನು ನೋಡಿ ನೋಡಿ ನನಗೆ ಸಾಕಾಗಿದೆ. ತಮ್ಮ ಹೆಂಡತಿಯ ಹೆಸರನ್ನು ಒಂದು ಸಲವೂ ಬಾಯಿಬಿಟ್ಟು ಹೇಳದವರು ವಿಲಾಯಿತಿಯ ಯಾವನೋ ಗಾಡಿ ಮಾಡಿದವನ ಹೆಸರನ್ನು ಇಷ್ಟದೇವರ ಹಾಗೆ ಹೇಳುತ್ತಿದ್ದರು.

ಆ ವರ್ಷ ದೀಪಾವಳಿಯಿಂದ ಶಿವರಾತ್ರಿಯವರೆಗೆ ನಾನು ಮೂರು ಬಗೆಯ ಗಾಡಿಗಳ ಮೇಲೆ, ಮೂರು ಬಗೆಯ ಪ್ರಾಣಿಗಳ ಹಿಂದೆ ಕೂತೆ.

ಮೊದಲನೆಯವರು ಶೇಕದಾರ ಶ್ರೀನಿವಾಸರಾಯರು. ಕಂದಾಯದ ಕೆಲಸದ ಮೇಲೆ ಹಳ್ಳಿ ಸುತ್ತುವವರು. ಅವರದು ಕುರಿಮರಿಯಂಥ ಸಣ್ಣ ಗಾಡಿ. ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಿ ಕುಡಿಸಬೇಕಾದ ಜಾತಿ. ಹೊರಟಿತೆಂದರೆ ಹಿಂದೆ ನೀಲಿ ಹೊಗೆಯ ಬಾಲ. ರಾಯರು ಎಣ್ಣೆಯನ್ನು ಮುಚ್ಚಳದಲ್ಲಿ ಅಳೆದು, ಅಳೆದಮೇಲೆ ಅರ್ಧ ಮುಚ್ಚಳ ವಾಪಸು ಸುರಿದುಕೊಳ್ಳುತ್ತಿದ್ದರು. ಹೀಗೆ ಹೊಟ್ಟೆಗೆ ಕಮ್ಮಿಯಾದ ಎಂಜಿನ್ನು ದಾರಿಯಲ್ಲಿ ಬಿಸಿಯಾಗಿ ನಿಲ್ಲುತ್ತಿತ್ತು. ಆಗ ಅವರು ಇಳಿದು ಪ್ಲಗ್ಗು ಬಿಚ್ಚಿ, ಪಂಚೆಯ ತುದಿಯಿಂದ ಒರೆಸಿ, ಊದಿ, ಮತ್ತೆ ಹಾಕುತ್ತಿದ್ದರು. ಅವರು ಗಾಡಿ ಬಿಡುವ ರೀತಿಗೆ ಬಿಡುವುದು ಎನ್ನುವುದೇ ತಪ್ಪು. ಇಳಿಜಾರು ಬಂದರೆ ಎಂಜಿನ್ ಆರಿಸಿ ಸುಮ್ಮನೆ ಜಾರುವುದು. ಏರು ಬಂದರೆ, "ನರ್ಸಮ್ಮಾ, ಸ್ವಲ್ಪ ಇಳೀರಿ, ಪಾಪ ಅದಕ್ಕೂ ಜೀವ ಅದೆ," ಎನ್ನುವುದು. ಸಮತಟ್ಟಿನಲ್ಲಿ ಎರಡೂ ಕಾಲು ನೆಲಕ್ಕೆ ತಾಗಿಸಿ ಬಾತುಕೋಳಿಯ ಹಾಗೆ ತಳ್ಳಿಕೊಂಡು ಹೋಗುವುದು. ಉದ್ದಕ್ಕೂ ಪಹಣಿ, ಪೋಡಿ, ಖಾತೆ, ಹಿಸ್ಸೆ ಎಂದು ಮಾತು. ಉಳವಿಗೆ ಅವರ ಜೊತೆ ಹೋದ ದಿನ ದಾರಿಯ ಅರ್ಧವನ್ನು ನಾನು ನಡೆದೇ ಕ್ರಮಿಸಿದೆ, ಆದರೂ ಅವರು ಅಲ್ಲಿ ಎಲ್ಲರಿಗೂ, "ನರ್ಸಮ್ಮನ್ನ ನನ್ನ ಗಾಡಿ ಮೇಲೆ ತಂದೆ," ಎಂದರು.

ಎರಡನೆಯವರು ಶಿಕಾರಿಪುರದ ಅಕ್ಕಿಗಿರಣಿಯ ಮಹಾದೇವಪ್ಪನವರು. ಅವರ ಗಾಡಿಗೆ ಎಡಗಡೆ ಒಂದು ತೊಟ್ಟಿ ಕೂಡಿಸಿತ್ತು, ಸೈಡ್ ಕಾರು. ಜನ ಅದನ್ನು ತೊಟ್ಟಿಲು ಎನ್ನುತ್ತಿದ್ದರು. ಅಮಾವಾಸ್ಯೆಗೊಮ್ಮೆ ಊರಿಗೆ ಹೋದಾಗ ವಾಪಸು ಸೊರಬಕ್ಕೆ ಅವರು ನನ್ನನ್ನು ಆ ತೊಟ್ಟಿಲಲ್ಲಿ ಕೂರಿಸಿಕೊಂಡು ಬರುತ್ತಿದ್ದರು, ಯಾಕೆಂದರೆ ನಮ್ಮಪ್ಪನಿಗೂ ಅವರಿಗೂ ಬೀಗತನದ ಎಳೆಯೊಂದಿತ್ತು. ತೊಟ್ಟಿಲಲ್ಲಿ ನಾನೊಬ್ಬಳೇ ಅಲ್ಲ, ಜೊತೆಗೆ ಒಂದು ತೌಡಿನ ಮೂಟೆ. ತೂಕ ಇಲ್ಲದಿದ್ದರೆ ಎಡಕ್ಕೆ ತಿರುಗುವಾಗ ತೊಟ್ಟಿಲು ಮೇಲೇಳುತ್ತದೆ. ತೂಕ ಇದ್ದರೂ ಏಳುತ್ತಿತ್ತು, ಏಕೆಂದರೆ ಮಹಾದೇವಪ್ಪನವರಿಗೆ ತಿರುವಿನಲ್ಲಿ ನಿಧಾನ ಮಾಡುವುದು ಅವಮಾನ. ಉಡುತಡಿಯ ಕಡೆಯ ತಿರುವಿನಲ್ಲಿ ಒಂದು ಸಲ ನಾನೂ ತೌಡಿನ ಮೂಟೆಯೂ ಆಕಾಶ ನೋಡಿದೆವು. ತೊಟ್ಟಿಲು ಧೊಪ್ಪನೆ ನೆಲಕ್ಕೆ ಬಿದ್ದಮೇಲೆ ಅವರು, "ಗಟ್ಟಿಯಾಗಿ ಹಿಡ್ಕೊಳ್ರೀ ತಂಗಿ," ಎಂದರು. ಊರು ಬಂದರೆ ಮಾತ್ರ ಒಂದನೇ ಗೇರಿಗೆ ಇಳಿದು, ಬೆನ್ನು ನೆಟ್ಟಗೆ ಮಾಡಿ, ಮದುವಣಿಗನ ಹಾಗೆ ಅತ್ತಿತ್ತ ನೋಡುತ್ತ ನಿಧಾನ ಹೋಗುವುದು. ಜನ ಇಲ್ಲದ ಕಡೆ ಪ್ರಾಣ ತೆಗೆಯುವ ಓಟ, ಜನ ಇದ್ದ ಕಡೆ ಮೆರವಣಿಗೆ.

ಮೂರನೆಯವರೇ ಕಂಟ್ರಾಕ್ಟರ್ ಮುರಿಗೆಪ್ಪನವರು. ಇವರದು ಯುದ್ಧ ಮುಗಿದಮೇಲೆ ಹರಾಜಿನಲ್ಲಿ ಬಂದ ಮಿಲಿಟರಿ ಗಾಡಿ. ಒಂದೇ ಸಿಲಿಂಡರು, ಕೋಣದಂಥ ಮೈ. ಹಸಿರು ಬಣ್ಣದ ಮೇಲೆ ಕೆಂಪು ಬಳಿಸಿದ್ದರೂ ಗೀರಿದಲ್ಲೆಲ್ಲ ಹಸಿರು ಇಣುಕುತ್ತಿತ್ತು. ಅದನ್ನು ಎಬ್ಬಿಸುವುದೇ ಒಂದು ಪೂಜೆ. ಟ್ಯಾಂಕಿನ ಕೆಳಗಿನ ಗುಬುಟು ಒತ್ತಿ ಪೆಟ್ರೋಲು ಉಕ್ಕಿಸಬೇಕು, ಹ್ಯಾಂಡಲಿನ ಸಣ್ಣ ಕಡ್ಡಿ ಎಳೆಯಬೇಕು, ಕಿಕ್ಕರನ್ನು ಮೆಲ್ಲಗೆ ಒತ್ತಿ ಒಂದು ಜಾಗ ಹುಡುಕಬೇಕು, ಆಮೇಲೆ ಮೈಭಾರವೆಲ್ಲ ಬಿಟ್ಟು ಒದೆಯಬೇಕು. ಜಾಗ ತಪ್ಪಿದರೆ ಅದು ತಿರುಗಿ ಒದೆಯುತ್ತದೆ. ಮುರಿಗೆಪ್ಪನವರ ಬಲಗಾಲಿನ ಮೊಳಕಾಲ ಕೆಳಗೆ ಸದಾ ಒಂದು ಅರಿಶಿನದ ಪಟ್ಟಿ ಇರುತ್ತಿತ್ತು. ಇಷ್ಟಾಗಿ ಎದ್ದಮೇಲೆ ಅದು ಡಬ್ ಡಬ್ ಎಂದು ಮೂರು ಬೀದಿಗೆ ಕೇಳುವ ಹಾಗೆ ಸದ್ದು ಮಾಡುತ್ತಿತ್ತು. ಅವರೋ ಎರಡೂ ಮೊಳಕೈ ಹೊರಗೆ ಚಾಚಿ, ಎದೆ ಮುಂದೆ ಮಾಡಿ, ರಸ್ತೆಯ ನಟ್ಟನಡುವೆ ಹೋಗುವರು. ಎದುರಿಗೆ ಎತ್ತಿನ ಗಾಡಿ ಬಂದರೆ ಅದೇ ಗದ್ದೆಗೆ ಇಳಿಯಬೇಕು. ಅವರ ಹಾರನ್ನು ಕೆಟ್ಟು ಎರಡು ವರ್ಷವಾಗಿತ್ತು. ಸರಿ ಮಾಡಿಸಿರಲಿಲ್ಲ. ತಮ್ಮ ಸದ್ದಿಗೆ ದಾರಿ ಬಿಡದ ಗಂಡು ಯಾವನು ಎನ್ನುವುದು ಅವರ ಲೆಕ್ಕ.

ಎದುರಿಗೆ ಬಂದವರು ಕೈ ಎತ್ತಬೇಕು. ಕೈ ಎತ್ತಿದರೆ ಅವರು ಗದ್ದವನ್ನು ಒಂದಿಷ್ಟು ಕೆಳಗೆ ಇಳಿಸುವರು. ಅಷ್ಟೇ ಅವರ ನಮಸ್ಕಾರ.

ಇಂಥವರ ಹಿಂದೆ ಮದುವೆಯಾಗದ ಹುಡುಗಿ ಕೂತುಹೋಗಲು ಊರು ಒಂದು ಕ್ರಮ ಮಾಡಿಕೊಂಡಿತ್ತು. ಯಾರೂ ಬರೆದಿಟ್ಟದ್ದಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ನನ್ನ ಚರ್ಮದ ಚೀಲವನ್ನು ಅವರ ಬೆನ್ನಿಗೂ ನನಗೂ ನಡುವೆ ನಿಲ್ಲಿಸಿ ಬೆಲ್ಟಿನಿಂದ ಸೀಟಿನ ಸ್ಪ್ರಿಂಗಿಗೆ ಬಿಗಿಯುವುದು. ಅದು ಗೋಡೆ. ನಾನು ಒಂದೇ ಕಡೆ ಕಾಲು ಇಳಿಬಿಟ್ಟು, ಸೀಟಿನ ಕಬ್ಬಿಣ ಹಿಡಿದು ಕೂರಬೇಕು. ಅವರ ಹೆಗಲು ಮುಟ್ಟಬಾರದು. ದಾರಿಯಲ್ಲಿ ಮಾತು ಬೇಡ. ಮುಂದಿನವರು ಯಾವ ಕಾರಣಕ್ಕೂ ತಿರುಗಿ ನೋಡಬಾರದು. ಹತ್ತಿ ಕೂತಮೇಲೆ ನಾನು ಚೀಲವನ್ನು ಎರಡು ಸಲ ತಟ್ಟಬೇಕು, ಆಗ ಅವರು ಹೊರಡಬೇಕು. ಹಳ್ಳ ಸಿಕ್ಕಿದರೆ ನಾನು ಇಳಿದು, ಸೀರೆ ಎತ್ತಿ ಕಟ್ಟಿ, ಕಲ್ಲುಗಳ ಮೇಲೆ ದಾಟಬೇಕು. ಅವರು ಗಾಡಿ ದಾಟಿಸಿ ಆಚೆ ದಡದಲ್ಲಿ ಎಂಜಿನ್ ಆರಿಸದೆ, ಮುಖ ಮುಂದೆ ಮಾಡಿ ಕಾಯಬೇಕು. ಹೆಂಗಸಿನ ಕಾಲು ಕಂಡೀತೆಂಬ ಭಯ. ಹೆರುವ ಹೆಂಗಸು ಮಗ್ಗುಲ ಹಳ್ಳಿಯಲ್ಲಿ ರಕ್ತದಲ್ಲಿ ಮಲಗಿದ್ದರೆ ಆ ಭಯ ಯಾರಿಗೂ ಇಲ್ಲ.

ಕುಪ್ಪಗಡ್ಡೆಯ ಹೂವಮ್ಮ ಈ ಕಥೆಗೆ ಬರುವುದು ಇಲ್ಲಿ. ನನಗಿಂತ ಎರಡು ವರ್ಷ ದೊಡ್ಡವಳು. ಎರಡು ಸಲ ಬಸಿರಾಗಿ ಎರಡೂ ಸಲ ಮಗು ಕೈಗೆ ಸಿಕ್ಕಿರಲಿಲ್ಲ. ಮೂರನೆಯದಕ್ಕೆ ಏಳು ತುಂಬಿದಾಗ ಗಂಡ ಗುತ್ಯಪ್ಪ ಅವಳನ್ನು ಎತ್ತಿನ ಗಾಡಿಯಲ್ಲಿ ಸೊರಬಕ್ಕೆ ಕರೆದುಕೊಂಡು ಬಂದಿದ್ದ. ಹೊಟ್ಟೆ ಮುಟ್ಟಿ ನೋಡಿದೆ. ಮಗು ತಲೆ ಮೇಲಾಗಿ ಕೂತಿತ್ತು. ತಿರುಗಬಹುದು, ತಿರುಗದೆಯೂ ಇರಬಹುದು. ಅವಳು ನನ್ನ ಕೈ ಹಿಡಿದು, "ಈ ಸಲ ನೀವು ಬರ್ಬೇಕು ನರ್ಸಮ್ಮ. ನೀವು ಇದ್ರೆ ನಂಗೆ ಧೈರ್ಯ," ಎಂದಳು. ಬರುತ್ತೇನೆ ಎಂದೆ. ಹಾಗೆ ಹೇಳುವಾಗ ನನಗೆ ಬಹಳ ಹೆಮ್ಮೆಯೆನಿಸಿತ್ತು.

ಸಂಕ್ರಾಂತಿ ಕಳೆದು ಒಂದು ವಾರವಾಗಿರಬೇಕು. ಗದ್ದೆಯ ಕೊಯ್ಲು ಮುಗಿದು ಕಣಗಳಲ್ಲಿ ಹುಲ್ಲಿನ ಬಣವೆ ಎದ್ದಿತ್ತು. ಮುಂಜಾನೆ ಮಂಜು ಇನ್ನೂ ಹರಿಯುವ ಮುಂಚೆ ಗುತ್ಯಪ್ಪ ಗಾಡಿ ಕಟ್ಟಿಕೊಂಡು ಬಂದು ನನ್ನ ಕೋಣೆಯ ಮುಂದೆ ನಿಲ್ಲಿಸಿದ. ಗಾಡಿಯೊಳಗೆ ಹೊಸ ಹುಲ್ಲು ಹಾಸಿ, ಮೇಲೆ ಕಂಬಳಿ ಹೊದಿಸಿ, ಒರಗಲು ದಿಂಬು ಇಟ್ಟಿದ್ದ.

"ಅಮ್ಮಾ, ರಾತ್ರಿ ಮೊದಲ್ನೇ ಕೋಳಿಗೆ ಬ್ಯಾನೆ ಶುರುವಾತು. ಬರ್ರಿ, ಹತ್ರಿ."

ಎಂಟು ಮೈಲಿ. ಎತ್ತು ಎಷ್ಟು ಚುರುಕಾದರೂ ಮೂರು ತಾಸು. ನಾನು ಚೀಲ ಜೋಡಿಸಿಕೊಂಡು ಹೊರಗೆ ಬರುವಷ್ಟರಲ್ಲಿ, ಎದುರಿನ ಹೋಟೆಲಿನ ಜಗಲಿಯಿಂದ ಮುರಿಗೆಪ್ಪನವರು ಕೂಗಿದರು. ಕುಪ್ಪಗಡ್ಡೆಯ ಕಡೆ ಅವರದೊಂದು ಮೋರಿಯ ಕೆಲಸ ನಡೆದಿತ್ತು.

"ಎತ್ತಿನ ಗಾಡ್ಯಾಗ ಎಲ್ಲಿ ಹೊಂಟ್ರಿ ನರ್ಸಮ್ಮ? ನಾನೂ ಆ ಕಡೀಗೇ ಹೊಂಟೀನಿ. ಅರ್ಧ ತಾಸಿನ್ಯಾಗ ಬಿಡ್ತೀನಿ, ಬರ್ರಿ."

ಗುತ್ಯಪ್ಪ ನನ್ನ ಮುಖ ನೋಡಿದ. ನಾನು ಲೆಕ್ಕ ಹಾಕಿದೆ. ಮೂರು ತಾಸೆಲ್ಲಿ, ಅರ್ಧ ತಾಸೆಲ್ಲಿ? "ನೀನು ಮುಂದೆ ಹೋಗಿರು ಗುತ್ಯಪ್ಪ, ದಾರಿಯಲ್ಲೇ ನಿನ್ನನ್ನು ಹಿಂದೆ ಹಾಕಿ ನಿನಗಿಂತ ಮೊದಲು ನಿಮ್ಮ ಮನೇಲಿರ್ತೀನಿ," ಎಂದೆ. ಅವನು ಕೈ ಮುಗಿದು ಖಾಲಿ ಗಾಡಿ ತಿರುಗಿಸಿಕೊಂಡು ಹೋದ.

ಮುರಿಗೆಪ್ಪನವರ ಅರ್ಧ ತಾಸು ಶುರುವಾಗಲು ಎರಡು ತಾಸು ಹಿಡಿಯಿತು. ಮೊದಲು ದೋಸೆ. ದೋಸೆಯಾದಮೇಲೆ ಕಾಫಿ. ಕಾಫಿಯಾದಮೇಲೆ ಯಾರೋ ಮೇಸ್ತ್ರಿ ಬಂದ, ಅವನನ್ನು ಬೈಯುವುದು. ಆಮೇಲೆ ಕಿಕ್ಕಿನ ಪೂಜೆ. ಆರನೆಯ ಒದೆತಕ್ಕೆ ಅದು ತಿರುಗಿ ಒದ್ದಿತು. ಕಾಲು ಹಿಡಿದುಕೊಂಡು ಒಂದು ಗಳಿಗೆ ಕೂತರು. ನಾನು ಎರಡು ಸಲ, "ಹೊತ್ತಾಯ್ತು," ಎಂದೆ. "ಗಾಡಿ ಐತಲ್ರೀ, ಹೊತ್ತು ಎಲ್ಲಿ ಓಡಿ ಹೋಗ್ತದ? ಹಿಡೀತೀನಿ ಬಿಡ್ರಿ," ಎಂದು ನಕ್ಕರು. ಕೊನೆಗೆ ಎದ್ದಿತು. ಚೀಲ ಬಿಗಿದು ಕೂತೆ. ನೇರ ಹೋಗಬೇಕಾದವರು ಪೇಟೆಯ ಮೇಲಿಂದ ಸುತ್ತು ಹಾಕಿದರು, ಅಂಗಡಿ ತೆಗೆಯುತ್ತಿದ್ದವರೆಲ್ಲ ನೋಡಲಿ ಎಂದು. ನೋಡಿದರು. ನಾನು ಬಾಯಿ ಬಿಡಲಿಲ್ಲ.

ಮೂರು ಮೈಲಿಗೆ ಹಳ್ಳ ಬಂತು. ಮೊಳಕಾಲಿಗಿಂತ ಕೆಳಗೆ ನೀರು. ಕ್ರಮದಂತೆ ನಾನು ಇಳಿದೆ. ಅವರು ಕಾಲು ಎರಡೂ ಮೇಲೆತ್ತಿ, ನೀರನ್ನು ಎರಡೂ ಕಡೆ ಚಿಮ್ಮಿಸುತ್ತ, ಜಾತ್ರೆಯ ಕುದುರೆ ಸವಾರನ ಹಾಗೆ ದಾಟಿದರು. ದಡ ಹತ್ತಿ, ಮುಖ ಮುಂದೆ ಮಾಡಿ, ಡಬ್ ಡಬ್ ಅನ್ನಿಸುತ್ತ ನಿಂತರು. ನಾನು ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತ ಬರುತ್ತಿದ್ದೆ. ಕೊನೆಯ ಕಲ್ಲಿನ ಮೇಲೆ ನಿಂತು ಸೀರೆಯ ಅಂಚು ಹಿಂಡುತ್ತಿದ್ದಾಗ ಗಾಡಿಯ ಅದುರಿಗೆ ಬೆಲ್ಟು ಸಡಿಲಾಗಿ ಚೀಲ ಮುಂದಕ್ಕೆ ವಾಲಿತು. ಅವರ ಬೆನ್ನಿಗೆ ಒಮ್ಮೆ ತಾಗಿತು, ಹಿಂದಕ್ಕೆ ಬಂದು ಮತ್ತೊಮ್ಮೆ ತಾಗಿತು. ಎರಡು ಸಲ. ಮುರಿಗೆಪ್ಪನವರು ಗೇರು ಹಾಕಿ ಹೊರಟೇಬಿಟ್ಟರು.

ಕೂಗಿದೆ. ಸತ್ತವರು ಎದ್ದು ಬರುವ ಹಾಗೆ ಕೂಗಿದೆ. ಆ ಸದ್ದಿನಲ್ಲಿ ಅವರಿಗೆ ಅವರ ಅವ್ವ ಕೂಗಿದರೂ ಕೇಳುತ್ತಿರಲಿಲ್ಲ. ಧೂಳು ತಿರುವಿನಲ್ಲಿ ಮರೆಯಾಗುವವರೆಗೆ ಅವರ ತಲೆ ಒಂದು ಸಲವೂ ಹಿಂದಕ್ಕೆ ತಿರುಗಲಿಲ್ಲ. ಬೆನ್ನಿಗೆ ಚೀಲ ತಾಗುತ್ತಿತ್ತು. ಚೀಲ ಇದ್ದಲ್ಲಿ ನರ್ಸು ಇರಲೇಬೇಕು.

ಮುಂದಿನದನ್ನು ನಾನು ಕಣ್ಣಾರೆ ಕಾಣಲಿಲ್ಲ, ಕಂಡವರು ಹೇಳಿದರು. ಆರನೆಯ ಮೈಲಿಯಲ್ಲಿ ಅವರು ಗುತ್ಯಪ್ಪನ ಗಾಡಿಯನ್ನು ಹಿಂದೆ ಹಾಕಿದರು. ಹಿಂದಿನ ಸೀಟು ಖಾಲಿ ಇರುವುದನ್ನು ಗುತ್ಯಪ್ಪ ನೋಡಿದ. ಗಾಬರಿಯಾಗಿ ನಿಲ್ಲಿಸಲು ಕೈ ಎತ್ತಿದ. ಮುರಿಗೆಪ್ಪನವರು ಗದ್ದ ಇಳಿಸಿ ನಮಸ್ಕಾರ ಸ್ವೀಕರಿಸಿ ಹೋದರು. ಹೆಂಡತಿ ಬ್ಯಾನೆಯಲ್ಲಿದ್ದಳು, ಗುತ್ಯಪ್ಪ ಎತ್ತುಗಳನ್ನು ಊರ ಕಡೆಗೇ ಹೊಡೆದ. ಕುಪ್ಪಗಡ್ಡೆಯಲ್ಲಿ ಮನೆಯ ಮುಂದೆ ಗಾಡಿ ನಿಲ್ಲಿಸಿ, ಮುಖ ತಿರುಗಿಸದೆ, "ಇಳೀರಿ ನರ್ಸಮ್ಮ, ಬಂತು," ಎಂದರಂತೆ. ಅಂಗಳದಲ್ಲಿ ಹತ್ತು ಹನ್ನೆರಡು ಜನ. ದೊಡ್ಡವರು ಇಳಿಯಿರಿ ಎನ್ನುತ್ತಿರುವಾಗ ಅಲ್ಲಿ ಯಾರೂ ಇಲ್ಲವೆಂದು ಹೇಳುವವರು ಯಾರು? ಕೊನೆಗೆ ಒಬ್ಬ ಮುದುಕ, "ಸ್ವಾಮಿ, ಚೀಲ ಒಂದೇ ಬಂದೈತೆ," ಎಂದ. ಆಗ ತಿರುಗಿ ನೋಡಿದರು.

ಅಷ್ಟು ಜನರೆದುರು ಹೀಗಾದಮೇಲೆ ಆ ಮನುಷ್ಯನಿಗೆ ಒಂದೇ ಕೆಲಸ ಉಳಿದಿತ್ತು, ಅಲ್ಲಿಂದ ಓಡುವುದು. ಚೀಲವನ್ನಾದರೂ ಇಳಿಸಿ ಹೋಗಬೇಕೆಂಬ ಬುದ್ಧಿ ಬರಲಿಲ್ಲ. ಹಾಗೇ ಗಾಡಿ ತಿರುಗಿಸಿಕೊಂಡು ಹಳ್ಳದ ಕಡೆ ಬಂದರು. ಅಷ್ಟರಲ್ಲಿ ನಾನು, ಕಣದಲ್ಲಿದ್ದ ಹೆಂಗಸೊಬ್ಬಳು ತೋರಿಸಿದ ಹಾಗೆ, ಕೊಯ್ದ ಗದ್ದೆಗಳ ಮೇಲಿನ ಕಾಲುದಾರಿ ಹಿಡಿದಿದ್ದೆ. ಒಂದು ಮೈಲಿ ಉಳಿಯುತ್ತದೆ ಎಂದಳು. ದೂರದಿಂದ ಆ ಡಬ್ ಡಬ್ ಕೇಳಿತು. ಕೈ ಬೀಸಿದೆ. ರಸ್ತೆಯ ಮೇಲೆ ಅದು ಸೊರಬದ ದಿಕ್ಕಿಗೆ ಹೋಯಿತು, ನನ್ನ ಚೀಲವನ್ನು ಹೊತ್ತುಕೊಂಡು. ಹಳ್ಳದ ಹತ್ತಿರ ನಾನು ಕಾಣದಿದ್ದಾಗ, ಮನಸ್ಸು ಬದಲಾಯಿಸಿ ವಾಪಸು ನಡೆದಿರಬೇಕು ಎಂದುಕೊಂಡರಂತೆ. ಹೆಂಗಸರ ಬುದ್ಧಿ ಎಂದು ಹೋಟೆಲಿನಲ್ಲಿ ಹೇಳಿದರಂತೆ, ಇನ್ನೊಂದು ಕಾಫಿ ಕುಡಿಯುತ್ತ.

ನಾನು ಹೂವಮ್ಮನ ಮನೆ ಮುಟ್ಟಿದಾಗ ಬಿಸಿಲು ನೆತ್ತಿಗೆ ಹತ್ತಿರ ಬಂದಿತ್ತು. ಸೂಲಗಿತ್ತಿ ದ್ಯಾವಜ್ಜಿ ಒಳಗಿದ್ದಳು. ಆ ಊರಿನ ಅರ್ಧ ಜನರನ್ನು ಹಿಡಿದ ಕೈ ಅವಳದು. ನನ್ನನ್ನು ನೋಡಿ, "ಬಂದ್ಯಾ ತಾಯಿ. ಕಾಲು ಬಂದೈತೆ. ತಲೆ ಕಚ್ಚಿಕಂಡೈತೆ. ಕೈ ತೊಳ್ಕ," ಎಂದಳು. ಅವಳು ಎಳೆದಿರಲಿಲ್ಲ. ಎಳೆಯಬಾರದೆಂದು ನನಗೆ ಕಾಲೇಜಿನವರು ಹೇಳಿಕೊಟ್ಟಿದ್ದರು, ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಬಿಸಿನೀರು, ಸೀಗೆಪುಡಿ, ಬರಿಗೈ. ನನಗೆ ಗೊತ್ತಿದ್ದುದನ್ನೆಲ್ಲ ಮಾಡಿದೆ. ಮಗು ಬಂತು, ಗಂಡು. ಎದೆಯ ಮೇಲೆ ಕಿವಿಯಿಟ್ಟರೆ ಒಳಗೆ ಬಡಿತವಿತ್ತು. ಉಸಿರಿರಲಿಲ್ಲ. ಗಂಟಲ ಲೋಳೆ ಎಳೆಯುವ ರಬ್ಬರ್ ಕೊಳವೆ ಚೀಲದಲ್ಲಿತ್ತು. ಬಾಯಿಗೆ ಬಾಯಿಟ್ಟು ಎಳೆದೆ, ಊದಿದೆ, ಬೆನ್ನು ಉಜ್ಜಿದೆ. ಬಡಿತ ಸ್ವಲ್ಪ ಹೊತ್ತು ಇತ್ತು, ಆಮೇಲೆ ನಿಂತಿತು. ಅತ್ತ ಹೂವಮ್ಮನ ರಕ್ತ ನಿಲ್ಲುತ್ತಿರಲಿಲ್ಲ. ಅದಕ್ಕೆ ಕೊಡುವ ಇಂಜೆಕ್ಷನ್ನೂ ಆ ಚೀಲದಲ್ಲೇ. ನಾನೂ ದ್ಯಾವಜ್ಜಿಯೂ ಸರದಿಯಲ್ಲಿ ಹೊಟ್ಟೆ ಅಮುಕಿ ಹಿಡಿದು ಕೂತೆವು. ಹೊತ್ತು ಇಳಿಯುವಾಗ ರಕ್ತ ನಿಂತಿತು. ಹೂವಮ್ಮ ಉಳಿದಳು.

ಗುತ್ಯಪ್ಪನ ಗಾಡಿ ಹತ್ತು ಗಂಟೆಯ ಸುಮಾರಿಗೇ ಮನೆ ಮುಟ್ಟಿತ್ತೆಂದು ನನಗೆ ಆಮೇಲೆ ತಿಳಿಯಿತು. ಆಗಿನ್ನೂ ಕಾಲು ಹೊರಗೆ ಬಂದಿರಲಿಲ್ಲ.

ಊರಿನ ತೀರ್ಮಾನ ಕೇಳಬೇಕು. ಪಂಚಾಯಿತಿಯವರು, ಜಗಲಿಯವರು, ಅಂಗಡಿಯವರು ಎಲ್ಲರೂ ಒಂದೇ ಮಾತು ಆಡಿದರು. ಮುರಿಗೆಪ್ಪನವರು ಎಂಥ ಮರ್ಯಾದಸ್ತರು! ಐದು ಮೈಲಿ ಹೋದರೂ ಹೆಣ್ಣುಮಗಳ ಕಡೆ ಒಂದು ಸಲ ಕಣ್ಣು ಹಾಯಿಸಲಿಲ್ಲ! ಈಗಿನ ಕಾಲದಲ್ಲಿ ಇಂಥವರು ಎಲ್ಲಿ ಸಿಗುತ್ತಾರೆ? ಶೇಕದಾರರು ನನ್ನ ಕೋಣೆಯ ತನಕ ಬಂದು, "ನನ್ನ ಗಾಡಿ ಆಗಿದ್ರೆ ಹೀಗಾಗ್ತಿರಲಿಲ್ಲ ನೋಡಿ, ಸದ್ದು ಕಮ್ಮಿ," ಎಂದು ತಮ್ಮ ಕುರಿಮರಿಯ ಗುಣಗಾನ ಮಾಡಿದರು. ಗಿರಣಿಯ ಮಹಾದೇವಪ್ಪನವರು ತೊಟ್ಟಿಲಿದ್ದಿದ್ದರೆ ಹಳ್ಳದಲ್ಲಿ ಇಳಿಯುವ ಪ್ರಮೇಯವೇ ಇರಲಿಲ್ಲ ಎಂದು ನಮ್ಮಪ್ಪನಿಗೆ ಹೇಳಿ ಕಳಿಸಿದರು. ಒಂದು ಕೂಸು ಸತ್ತಿದ್ದು ಇವರಿಗೆಲ್ಲ ಯಾರ ಗಾಡಿ ಮೇಲು ಎಂಬ ಚರ್ಚೆಗೆ ಬಂತು. ಮುರಿಗೆಪ್ಪನವರು ಚೀಲವನ್ನು ಆಳಿನ ಕೈಲಿ ಕಳಿಸಿದರು, ಜೊತೆಗೆ ಒಂದು ಡಜನ್ ಬಾಳೆಹಣ್ಣು. ಹಣ್ಣನ್ನು ನಾನು ಬೀದಿಯ ದನಕ್ಕೆ ಹಾಕಿದೆ. ಅವರನ್ನು, ಅವರಂಥವರನ್ನೆಲ್ಲ, ಮನಸ್ಸಿಗೆ ತೃಪ್ತಿಯಾಗುವಷ್ಟು ಬೈದೆ. ಇಷ್ಟು ವರ್ಷ ಬೈಯುತ್ತಲೇ ಬಂದಿದ್ದೇನೆ. ಮೇಲೆ ಬರೆದದ್ದನ್ನು ಓದಿದವರಿಗೆ ಅದು ಗೊತ್ತಾಗಿರಬೇಕು.

ಶಿವರಾತ್ರಿ ಮುಗಿದಮೇಲೆ ಒಂದು ದಿನ ಹೂವಮ್ಮ ಸೊರಬಕ್ಕೆ ಬಂದಳು. ಗುತ್ಯಪ್ಪ ಎತ್ತಿಗೆ ನೀರು ಕುಡಿಸಲು ಹೋಗಿದ್ದ. ಅವಳು ನನ್ನ ಎದುರಿನ ಸ್ಟೂಲಿನ ಮೇಲೆ ಕೂತಳು. ಬಿಳಿಚಿಕೊಂಡಿದ್ದಳು. ನಾಡಿ ನೋಡಿದೆ, ಕಣ್ಣಿನ ರೆಪ್ಪೆ ಬಿಡಿಸಿ ನೋಡಿದೆ, ರಕ್ತಕ್ಕೆ ಔಷಧ ಕೊಟ್ಟೆ. ಅವಳು ಸೀಸೆಯನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಏಳಲಿಲ್ಲ. ನಾನೇ ಮಾತು ತೆಗೆದೆ. ಆ ಮುರಿಗೆಪ್ಪನಂಥ ಮನುಷ್ಯನನ್ನು ನಂಬಿದ್ದೇ ತಪ್ಪಾಯಿತು, ದೊಡ್ಡವರೆಂದರೆ ಹೀಗೇ, ಗಾಡಿಯೊಂದು ಸಿಕ್ಕಿದರೆ ಕಣ್ಣು ನೆತ್ತಿಗೆ ಹೋಗುತ್ತದೆ ಎಂದೆಲ್ಲ ಹೇಳಿದೆ. ಅವಳು ಪೂರ್ತಿ ಕೇಳಿದಳು. ಅವಳಿಗೆ ಮುರಿಗೆಪ್ಪನವರ ಮೇಲೆ ಯಾವ ಸಿಟ್ಟೂ ಇದ್ದಂತೆ ಕಾಣಲಿಲ್ಲ. ಅವರು ಅವಳಿಗೆ ಏನೂ ಮಾತು ಕೊಟ್ಟಿರಲಿಲ್ಲವಲ್ಲ.

"ನಾವು ಗಾಡಿ ಕಳ್ಸಿದ್ವಲ್ಲ ನರ್ಸಮ್ಮ," ಎಂದಳು. "ಹುಲ್ಲು ಹಾಸಿ, ದಿಂಬು ಇಟ್ಟು ಕಳ್ಸಿದ್ವಿ. ನೀವು ಯಾಕೆ ಹತ್ಲಿಲ್ಲ?"

ಬೇಗ ಬರಬಹುದೆಂದು ಹತ್ತಲಿಲ್ಲ ಎಂದೆ. ಅವಳು ತಲೆಯಾಡಿಸಿ ಎದ್ದು ಹೋದಳು.

ಸುಳ್ಳು ಹೇಳಿದೆ. ದೋಸೆ ತಿನ್ನುತ್ತ ಕೂತವನೆದುರು ನಾನು ಎರಡು ತಾಸು ನಿಂತೆ. ಹೊರಡುವ ಮನಸ್ಸಿದ್ದರೆ ಮೊದಲ ಕಾಲು ತಾಸಿನಲ್ಲೇ ಗುತ್ಯಪ್ಪನ ಹಿಂದೆ ಓಡಿದ್ದರೂ ಗಾಡಿ ಸಿಗುತ್ತಿತ್ತು, ಎತ್ತು ಊರು ದಾಟಿರುತ್ತಿರಲಿಲ್ಲ. ಎತ್ತಿನ ಗಾಡಿಯಲ್ಲಿ ಹುಲ್ಲಿನ ಮೇಲೆ ಕೂತು ಬಂದವಳನ್ನು ಜನ ಯಾರದೋ ಮನೆಯ ಮಗಳು ಎಂದುಕೊಳ್ಳುತ್ತಾರೆ. ಫಟಫಟಿಯ ಮೇಲೆ ಬಂದರೆ ಬಾಗಿಲಿಗೆ ಬಂದು ನೋಡುತ್ತಾರೆ, ನರ್ಸಮ್ಮ ಬಂದರು ಎನ್ನುತ್ತಾರೆ. ಪೇಟೆಯ ಮೇಲಿಂದ ಸುತ್ತು ಹಾಕಿದಾಗ ಅಂಗಡಿಯವರೆಲ್ಲ ನೋಡಿದರು, ನಾನು ಬಾಯಿ ಬಿಡಲಿಲ್ಲ ಎಂದೆನಲ್ಲ. ಯಾಕೆ ಬಿಡಲಿ? ನನಗೆ ಅದು ಬೇಕಾಗಿತ್ತು. ಹೂವಮ್ಮ ಎಂಟು ಮೈಲಿ ದೂರದಲ್ಲಿ ನನ್ನ ಹೆಸರು ಹೇಳಿ ಹಲ್ಲು ಕಚ್ಚಿಕೊಂಡಿದ್ದ ಹೊತ್ತಿಗೆ, ನಾನು ಬೆನ್ನು ನೆಟ್ಟಗೆ ಮಾಡಿ, ಬಿಳಿ ಸೀರೆಯ ಸೆರಗು ಸರಿಮಾಡಿಕೊಂಡು, ಸೊರಬದ ಪೇಟೆಯಲ್ಲಿ ಮೆರವಣಿಗೆ ಹೊರಟಿದ್ದೆ.